ಬೆಂಗಳೂರಾಗ ಕೇರಿ ಎಲ್ಲಿ ಅದ?

(ರಜೆಗೆ ಊರಿಗೆ ಬಂದಿದ್ದ ಹಾಸ್ಟೆಲ್ ಗೆಳೆಯರ ಮುಂದೆ ಭೂಸನೂರಿನಲ್ಲಿ ಆಡಿದ ಮಾತು)



ನೀವು ನಮ್ಮನ್ನು ಕವಿತೆ ಓದಲಿಕ್ಕೆ ಕರೆದಿದ್ದಿರಿ. ಕವಿತೆ ಆಮೇಲೆ ಓದೋಣ. ನಿನ್ನೆ ಸಂಜೆ ಚಹಾ ಅಂಗಡಿ ಮುಂದೆ ನಿಂತಿದ್ದಾಗ ಪಿಯುಸಿ ಮುಗಿಸಿದ ಒಬ್ಬ ತಮ್ಮ ಒಂದು ಮಾತು ಕೇಳಿದ. "ಅಣ್ಣಾ, ಮುಂದಿನ ತಿಂಗಳು ಬೆಂಗಳೂರಿಗೆ ಹೊಂಟೀನಿ. ಅಲ್ಲಿ ಕೇರಿ ಎಲ್ಲಿ ಇರ್ತದ?" ಸುತ್ತ ಇದ್ದವರೆಲ್ಲ ನಕ್ಕರು. "ಬೆಂಗಳೂರಾಗ ಎಲ್ಲಿ ಕೇರಿ ಲೇ, ಅಲ್ಲಿ ಬರೇ ಏರಿಯಾ ಇರ್ತಾವ" ಅಂದರು. ನಾವೂ ನಕ್ಕೆವು. ರಾತ್ರಿ ಮಲಗಿದ ಮೇಲೆ ಆ ಪ್ರಶ್ನೆ ನಿದ್ದೆ ಮಾಡಗೊಡಲಿಲ್ಲ. ಬೆಂಗಳೂರಿನಲ್ಲಿ ಮೂರು ವರ್ಷ ಇದ್ದು ಬಂದ ನಮಗಿಂತ, ಇನ್ನೂ ರೈಲು ಹತ್ತದ ಆ ಹುಡುಗ ಸರಿಯಾದ ಪ್ರಶ್ನೆ ಕೇಳಿದ್ದ. ಇವತ್ತು ಅದಕ್ಕೆ ಉತ್ತರ ಹೇಳಲಿಕ್ಕೆ ನಿಂತಿದ್ದೇವೆ.

ನಮ್ಮ ಊರುಗಳಲ್ಲಿ ಗೆರೆ ಕಣ್ಣಿಗೆ ಕಾಣ್ತದ. ಅಗಸಿ ಎಲ್ಲಿ, ಹಣಮಂತ ದೇವರ ಗುಡಿ ಎಲ್ಲಿ, ಗೌಡರ ವಾಡೆ ಎಲ್ಲಿ, ನಮ್ಮ ಓಣಿ ಎಲ್ಲಿ, ಕಣ್ಣು ಕಟ್ಟಿ ಬಿಟ್ಟರೂ ಹೇಳ್ತೀವಿ. ಊರಿನ ನೀರು ಹರಿದು ಬರುವ ಕಡೆ ನಾವು. ಪಂಚಾಯಿತಿಯವರು ಬೋರ್ಡಿನ ಮೇಲೆ ಅಂಬೇಡ್ಕರ್ ನಗರ ಅಂತ ಬರೆಸಿದರೂ ಊರ ಮಂದಿ ಬಾಯಾಗ ಹಳೇ ಹೆಸರೇ. ಈ ಗೆರೆಗೆ ನಕಾಶೆ ಬೇಕಿಲ್ಲ, ಗೆಜೆಟ್ಟು ಬೇಕಿಲ್ಲ. ಬಾಬಾಸಾಹೇಬರು 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯೊಳಗೆ ನಿಂತು, ಹಳ್ಳಿಯನ್ನು ಹೊಗಳುವವರಿಗೆ ಖಾರವಾಗಿ ಉತ್ತರ ಕೊಟ್ಟದ್ದು ಈ ಗೆರೆಯನ್ನು ಬಲ್ಲವರಾಗಿ. ಅದಕ್ಕೇ ನಮ್ಮ ಅಪ್ಪ–ಕಾಕಂದಿರು ಸೋಲಾಪುರದ ಗಿರಣಿಗೆ ಹೋದರು, ಮುಂಬೈಗೆ ಹೋದರು, ಪುಣೆಗೆ ಹೋದರು. ಈಗ ಬೆಂಗಳೂರಿಗೆ ಹೋಗ್ತೀವಿ. ಕಬ್ಬಿನ ಸೀಮೆಯಿಂದ ಸಿಮೆಂಟಿನ ಸೀಮೆಗೆ ಆರುನೂರು ಕಿಲೋಮೀಟರಿಗೂ ಹೆಚ್ಚು. ಕಲಬುರಗಿಯಲ್ಲಿ ಸಂಜೆ ಉದ್ಯಾನ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯೊಳಗೆ ಕಾಲು ಮಡಚಿ ಕುಂತವರು, ಬೆಳಿಗ್ಗೆ ಇಳಿಯುವಾಗ ಒಂದೇ ಆಸೆ ಇಟ್ಟುಕೊಂಡು ಇಳೀತೀವಿ: ಇಲ್ಲಿ ಯಾರೂ ನಮ್ಮ ಓಣಿ ಕೇಳೋದಿಲ್ಲ.

ಕೇಳ್ತಾರ. ಬೇರೆ ರೀತಿ ಕೇಳ್ತಾರ.

ಬಿ.ಎ. ಮುಗಿಸಿ ಕೆಲಸ ಹುಡುಕಿಕೊಂಡು ನಾವು ಮೂವರು ಹೋಗಿದ್ದೆವು. ಖೋಲಿ ಹುಡುಕಬೇಕಿತ್ತು. ಬಡಾವಣೆಯ ಹೆಸರು ಬೇಡ. ಮೊದಲನೇ ಮನೆಯವರು ಬಹಳ ಪ್ರೀತಿಯಿಂದ ಮಾತಾಡಿಸಿದರು. "ಯಾವ ಕಡೆಯವರು?" "ಕಲಬುರಗಿ ಕಡೆ." "ಓ, ಆ ಕಡೆಯವರು ಲಿಂಗಾಯತರೇ ಜಾಸ್ತಿ ಅಲ್ವಾ?" ನಾವು ಸುಮ್ಮನಿದ್ದೆವು. ಆ ಸುಮ್ಮನಿರುವಿಕೆಯೇ ಅವರಿಗೆ ಉತ್ತರವಾಯಿತು. ಎರಡನೇ ಮನೆಯಲ್ಲಿ ಕೇಳಿದ್ದು, "ಅಡುಗೆ ನೀವೇ ಮಾಡ್ಕೊತೀರಾ? ಏನೇನು ಮಾಡ್ಕೊತೀರಾ?" ಗೇಟಿನ ಮೇಲೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಬರೆದಿತ್ತು. ಜಾತಿ ಕೇಳಿದರೆ ಕೇಸು ಆಗ್ತದ ಅಂತ ಅವರಿಗೆ ಗೊತ್ತು. ಸಾರು ಕೇಳಿದರೆ ಯಾವ ಕೇಸೂ ಆಗುವುದಿಲ್ಲ. ಮೂರನೇ ಮನೆಯ ಯಜಮಾನರು ಆಧಾರ್ ಕಾರ್ಡು ತಿರುಗಿಸಿ ಮುರುಗಿಸಿ ನೋಡಿ, ಹೆಂಡತಿಯ ಹತ್ತಿರ ಒಳಗೆ ಹೋಗಿ ಬಂದು, "ಮನೆ ನೆನ್ನೆನೇ ಕೊಟ್ಬಿಟ್ವಿ" ಅಂದರು. ಆ ದಾರಿಯಲ್ಲೇ ನಮ್ಮ ಬಸ್ಸು. 'ಮನೆ ಬಾಡಿಗೆಗಿದೆ' ಎಂಬ ರಟ್ಟು ಆ ಗೇಟಿಗೆ ಒಂದು ತಿಂಗಳು ನೇತಾಡಿತು. ಮಳೆಗೆ ಅಕ್ಷರ ಅಳಿಸಿದವು, ರಟ್ಟು ಮಾತ್ರ ಇತ್ತು.

1917ರಲ್ಲಿ ಬಾಬಾಸಾಹೇಬರಿಗೆ ಬರೋಡಾದಲ್ಲಿ ಆದದ್ದು ನಿಮಗೆ ಗೊತ್ತು. ಅಮೆರಿಕದಲ್ಲಿ ಓದಿ ಬಂದವರು, ಮಹಾರಾಜರ ನೌಕರಿಗೆ ಬಂದವರು, ಇರಲಿಕ್ಕೆ ಒಂದು ಖೋಲಿ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ಇದ್ದರು. ಗೊತ್ತಾದ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಆ ದಿನ ತೋಟದಲ್ಲಿ ಕುಳಿತು ಹೊತ್ತು ಕಳೆದುದನ್ನು ಅವರೇ ಬರೆದಿದ್ದಾರೆ. ನೂರು ವರ್ಷದಲ್ಲಿ ದೊಣ್ಣೆ ಹೋಗಿ ರಟ್ಟು ಬಂದದೆ. ಇದನ್ನು ಪ್ರಗತಿ ಅನ್ನಬಹುದೇನೋ.

ಕೊನೆಗೆ ನಮಗೆ ಖೋಲಿ ಸಿಕ್ಕಿತು. ಅದೇ ಬಡಾವಣೆಯ ಹಿಂದೆ, ದೊಡ್ಡ ಮೋರಿ ದಾಟಿದರೆ ಒಂದು ಸಂದಿ. ಮನೆ ಒಡತಿ ಪೌರಕಾರ್ಮಿಕಳಾಗಿ ನಿವೃತ್ತಿಯಾದ ಮುದುಕಿ. ನಮ್ಮ ಚೀಲದಿಂದ ಬಾಬಾಸಾಹೇಬರ ಫೋಟೋ ಹೊರಗೆ ತೆಗೆದಾಗ ನೋಡಿ, "ಅಷ್ಟು ಸಾಕು ಬುಡಪ್ಪ, ಅಡ್ವಾನ್ಸು ನಿಧಾನಕ್ಕೆ ಕೊಡಿವ್ರಂತೆ" ಅಂದಳು. ಮರುದಿನ ಬೆಳಿಗ್ಗೆ ಸಂದಿಯ ಬಾಯಲ್ಲಿ ಬೋರ್ಡು ಕಂಡಿತು: ಎ.ಕೆ. ಕಾಲೋನಿ, 2ನೇ ಅಡ್ಡರಸ್ತೆ.

ಎ.ಕೆ. ಎಂದರೆ ಆದಿ ಕರ್ನಾಟಕ. ಹಳೇ ಮೈಸೂರು ಸಂಸ್ಥಾನದಲ್ಲಿ 1920ರ ದಶಕದಲ್ಲಿ ಪಂಚಮ ಎಂಬ ಹೆಸರಿನ ಬದಲು ನಮ್ಮವರಿಗೆ ಬಂದ ಹೆಸರು. ನಾವು ನಿಜಾಮನ ಸೀಮೆಯವರು, ನಮಗೆ ಆ ಅಕ್ಷರ ಪರಿಚಯವಿಲ್ಲ. ಯಾರೋ ಎ.ಕೆ. ಎಂಬ ದೊಡ್ಡ ಮನುಷ್ಯರ ಹೆಸರಿರಬೇಕು ಅಂತ ಮೊದಲು ತಿಳಿದಿದ್ದೆವು. ಅವ್ವ ಹೇಳಿದಳು: "ಇದು ಮೊದ್ಲು ಊರೇ ಕಣಪ್ಪ. ಊರು ಆ ಕಡೆ ಇತ್ತು, ನಾವು ಈ ಕಡೆ ಇದ್ವಿ. ಊರು ಹೋಗಿ ಲೇಔಟು ಆಯ್ತು. ನಾವು ಇಲ್ಲೇ ಅವಿ." ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರದ ಅರ್ಧ ಇಲ್ಲಿ ಅದ. ಬೆಂಗಳೂರು ಬೆಳೆದದ್ದು ಖಾಲಿ ನೆಲದ ಮೇಲಲ್ಲ, ಹಳ್ಳಿಗಳ ಮೇಲೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ ಒಂದೇ ಏಟಿಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಒಳಗೆ ಬಂದವು. ಪ್ರತಿ ಹಳ್ಳಿಯ ಜೊತೆ ಅದರ ಕೇರಿಯೂ ಬಂತು. ಹಳ್ಳಿಯ ಹೊಲ ನಿವೇಶನ ಆಯಿತು, ಕೆರೆ ಬಸ್‌ಸ್ಟ್ಯಾಂಡಾಯಿತು, ಗೌಡರ ಮನೆ ಕಾಂಪ್ಲೆಕ್ಸ್ ಆಯಿತು. ಕೇರಿ ಮಾತ್ರ ಎರಡು ಅಕ್ಷರ ಆಗಿ ನಿಂತಿತು.

ಈಗ ನಗರವನ್ನು ಹೇಗೆ ಹೇಗೆ ಪಾಲು ಮಾಡಿದರು, ಸ್ವಲ್ಪ ಹಿಂದಿನಿಂದ ನೋಡೋಣ. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿ ಪೇಟೆ ಮಾಡಿದರೆಂದು ಶಾಲೆಯಲ್ಲಿ ಓದಿದ್ದೀರಿ. ಆ ಪೇಟೆಗಳ ಹೆಸರು ಬಾಯಿಬಿಟ್ಟು ಹೇಳಿ ನೋಡ್ರಿ. ಗಾಣಿಗರಪೇಟೆ, ಕುಂಬಾರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ, ನಗರ್ತಪೇಟೆ. ಕಸುಬಿಗೊಂದು ಪೇಟೆ, ಜಾತಿಗೊಂದು ಬೀದಿ. ನಾವು ಒಂದು ಭಾನುವಾರ ಪೂರಾ ಆ ಸಂದಿಗಳಲ್ಲಿ ಅಲೆದೆವು. ಎಣ್ಣೆ ತೆಗೆಯುವವರ ಹೆಸರಿತ್ತು, ಮಡಕೆ ಮಾಡುವವರ ಹೆಸರಿತ್ತು. ತೊಗಲು ಹದ ಮಾಡಿದವರ, ಸತ್ತ ದನ ಎಳೆದವರ ಹೆಸರಿನ ಪೇಟೆ ನಮಗೆ ಕಾಣಲಿಲ್ಲ. ಚಪ್ಪಲಿ ಇಲ್ಲದೆ ಯಾರೂ ಅಲ್ಲಿ ವ್ಯಾಪಾರ ಮಾಡಿರಲಿಕ್ಕಿಲ್ಲ.

1809ರಲ್ಲಿ ಬ್ರಿಟಿಷರು ತಮ್ಮ ಪಡೆಯನ್ನು ಶ್ರೀರಂಗಪಟ್ಟಣದಿಂದ ತಂದು ಪೇಟೆಯ ಪೂರ್ವಕ್ಕೆ ದಂಡು ಹೂಡಿದರು. ಅಲ್ಲಿಂದ ಬೆಂಗಳೂರು ಎರಡು. ಪೇಟೆ ಒಂದು, ದಂಡು ಒಂದು, ನಡುವೆ ಮರ–ಹುಲ್ಲು. 1862ರಲ್ಲಿ ಎರಡಕ್ಕೂ ಬೇರೆ ಬೇರೆ ಪುರಸಭೆ ಬಂದವು. ಎರಡೂ ಒಂದು ಕಾರ್ಪೊರೇಶನ್ ಆದದ್ದು 1949ರಲ್ಲಿ. ಬಿಳಿಯರ ಬಂಗಲೆಗೆ ಅಡುಗೆಯವ, ಕುದುರೆ ನೋಡುವವ, ತೋಟಿ, ಆಯಾ ಬೇಕಲ್ಲ, ತಮಿಳು ಸೀಮೆಯ ನಮ್ಮ ಜನ ಹಾಗೆ ಬಂದು ದಂಡಿನ ಅಂಚಿನಲ್ಲಿ ಗುಡಿಸಲು ಹಾಕಿದರು. ಊಳಿಗವೇ ಆದರೂ ಕೈಗೆ ಕಾಸು ಸಿಕ್ಕಿತು, ಮಕ್ಕಳಿಗೆ ಸಾಲಿ ಸಿಕ್ಕಿತು. ಇದನ್ನು ಮರೆಯಬಾರದು.

ನಾವು ಹೆಚ್ಚು ಹೊತ್ತು ನಿಲ್ಲಬೇಕಾದ್ದು 1898ರ ಹತ್ತಿರ. ಆ ವರ್ಷ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನೊಳಗೆ ಜನ ಇಲಿಗಳಂತೆ ಸತ್ತರು. ಉಳ್ಳವರಿಗೆ ಗಾಳಿ ಬೆಳಕಿನ ಬಡಾವಣೆ ಬೇಕಾಯಿತು. ಬಸವನಗುಡಿ, ಮಲ್ಲೇಶ್ವರ ಎದ್ದವು. ನೇರ ರಸ್ತೆ, ಅಗಲ ಅಡ್ಡರಸ್ತೆ, ಉದ್ಯಾನ. ಹಳೇ ಪೇಟೆಯ ಜಾತಿ ಬೀದಿಗಳನ್ನು ಅಲ್ಲೇ ಬಿಟ್ಟು ಬಂದರೇನು? ಮಲ್ಲೇಶ್ವರದಲ್ಲಿ ಜಾತಿ ನೋಡಿ ಬ್ಲಾಕು ಗುರುತು ಮಾಡಿ ನಿವೇಶನ ಹಂಚಿದರೆಂದು ನಗರದ ಚರಿತ್ರೆ ಬರೆದವರು ದಾಖಲೆ ಮಾಡಿದ್ದಾರೆ. ಹೊಸ ನಗರ, ಹೊಸ ಚರಂಡಿ, ಹಳೇ ಮನುಧರ್ಮ.

ಆ ಬಡಾವಣೆಗಳಲ್ಲಿ ಇವತ್ತೂ ಹೋಗಿ ನೋಡಬಹುದಾದ ಒಂದು ವಸ್ತು ಅದ. ಎರಡು ಸಾಲು ಮನೆಗಳ ಬೆನ್ನ ನಡುವೆ ಒಂದು ಸಣ್ಣ ಗಲ್ಲಿ. ಕನ್ಸರ್ವೆನ್ಸಿ ಓಣಿ ಅಂತಾರ. ಈಗ ಕೆಲವು ಕಡೆ ಗೋಡೆಗೆ ಚಿತ್ರ ಬರೆದು ಚೆಂದ ಮಾಡ್ಯಾರ. ಅದು ಯಾಕಿತ್ತು? ಮಲ ತೆಗೆಯುವವರು ಬಂದು ಹೋಗಲಿಕ್ಕೆ. ಮುಂದಿನ ರಸ್ತೆ ಮನೆಯವರದು, ತುಳಸಿಕಟ್ಟೆಯದು, ರಂಗೋಲಿಯದು. ಹಿಂದಿನ ಓಣಿ ಬಕೆಟ್ಟಿನದು. ಬೆಳಗಿನ ಜಾವ ಹಿಂದಿನಿಂದ ಬರಬೇಕು, ಹಿಂದಿನ ಕಿಂಡಿಯಿಂದ ತೆಗೆಯಬೇಕು, ತಲೆಯ ಮೇಲೆ ಹೊತ್ತು ಹಿಂದಿನಿಂದಲೇ ಹೋಗಬೇಕು. ಊರಿನಲ್ಲಿ ಕೇರಿ ಊರ ಹೊರಗಿತ್ತು. ಇಲ್ಲಿ ಎಂಜಿನಿಯರನೊಬ್ಬ ಅಳತೆಪಟ್ಟಿ ಹಿಡಿದು ಪ್ರತಿ ಮನೆಯ ಬೆನ್ನಿಗೂ ಒಂದೊಂದು ಕೇರಿ ದಾರಿ ಕೊರೆದ. ಕೆಲಸ ಬೇಕು, ಮುಖ ಬೇಡ. ಆ ನಕಾಶೆ ನೋಡಿದಾಗ ಬಂದ ಸಿಟ್ಟು ಇನ್ನೂ ಕವಿತೆಯಾಗಿಲ್ಲ. ಆಗೋದು ಬೇಡ ಅಂತಲೂ ಒಮ್ಮೊಮ್ಮೆ ಅನ್ನಿಸ್ತದ, ಕೆಲವು ಸಿಟ್ಟು ಹಾಗೇ ಇರಬೇಕು.

ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಹೊರಟವರು ಬಿ. ಬಸವಲಿಂಗಪ್ಪನವರು, 1970ರ ದಶಕದಲ್ಲಿ ಮಂತ್ರಿಯಾಗಿದ್ದಾಗ. 1973ರ ಬೂಸಾ ಗಲಾಟೆಯ ಬಸವಲಿಂಗಪ್ಪನವರು. (ನಮ್ಮದು ಭೂಸನೂರ ಅಂದರೆ ಬೆಂಗಳೂರಿನ ಹಳೇ ಗೆಳೆಯರು "ಬೂಸಾದವರು ಬಂದ್ರು" ಅಂತ ತಮಾಷೆ ಮಾಡ್ತಾರ. ನಮಗೇನೂ ಬೇಜಾರಿಲ್ಲ, ಹೆಮ್ಮೆ.) ದೇಶದ ಕಾನೂನು ಬಂದದ್ದು 1993ರಲ್ಲಿ, ಮತ್ತೆ 2013ರಲ್ಲಿ. ಮ್ಯಾನ್‌ಹೋಲಿನಲ್ಲಿ ನಮ್ಮವರು ಉಸಿರುಗಟ್ಟಿ ಸಾಯುವುದು ಆ ಮೇಲೂ ನಿಲ್ಲಲಿಲ್ಲ.

1898 ಇನ್ನೂ ಎರಡು ಕಡೆ ನೆನಪಿಡಬೇಕಾದ ವರ್ಷ. ಮುಂಬೈಗೆ 1896ರಲ್ಲೇ ಪ್ಲೇಗು ಬಂದಿತ್ತು. 1898ರಲ್ಲಿ ಅಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು, ಅದು ಕೂಲಿಕಾರರಿಗೆ ಚಾಳ ಕಟ್ಟಿತು. ಪರೇಲದ ಅಂಥ ಚಾಳದಲ್ಲೇ ಬಾಬಾಸಾಹೇಬರು ಸುಮಾರು ಎರಡು ದಶಕ ಸಂಸಾರ ಮಾಡಿದ್ದು. ಅದೇ 1898ರ ಜನವರಿ 1ಕ್ಕೆ ಅಮೆರಿಕದಲ್ಲಿ ನ್ಯೂಯಾರ್ಕ್ ಐದು ಹೋಳುಗಳ ಒಂದು ಮಹಾನಗರ ಆಯಿತು. ಮ್ಯಾನ್‌ಹಟನ್ ಒಂದು ಹೋಳು. ದೊಡ್ಡ ಶ್ರೀಮಂತರ ಬೀದಿಯೂ ಅದರೊಳಗೆ, ಕರಿಯರ ಹಾರ್ಲೆಮ್ ಕೂಡ ಅದರೊಳಗೆ. 1930ರ ದಶಕದಲ್ಲಿ ಅಲ್ಲಿಯ ಸರ್ಕಾರಿ ಸಾಲದ ಸಂಸ್ಥೆಯೊಂದು ನಗರಗಳ ನಕಾಶೆ ತಯಾರಿಸಿ, ಕರಿಯರು ಇರುವ ಮೊಹಲ್ಲಾಗಳಿಗೆ ಕೆಂಪು ಬಣ್ಣ ಬಳಿಯಿತು. ಕೆಂಪು ಅಂದರೆ ಅಲ್ಲಿ ಸಾಲ ಕೊಟ್ಟರೆ ಅಪಾಯ. ಮನೆ ಕಟ್ಟಲು ಸಾಲವಿಲ್ಲ, ರಿಪೇರಿಗೆ ಸಾಲವಿಲ್ಲ, ಮನೆ ಬಿದ್ದ ಮೇಲೆ "ನೋಡಿ, ಇವರಿಗೆ ಮನೆ ಇಟ್ಟುಕೊಳ್ಳಲು ಬರೋದಿಲ್ಲ" ಎಂಬ ಮಾತು. ಆ ಕರಿಯ ಗೆಳೆಯರಿಗೆ ಒಂದು ಅನುಕೂಲ ಇತ್ತು ಅಂತ ನಮಗೆ ಅನ್ನಿಸ್ತದ. ಅವರ ಗೆರೆ ಕಾಗದದ ಮೇಲೆ ಕೆಂಪಗೆ ಇತ್ತು, ಬಡಿದು ತೋರಿಸಬಹುದಿತ್ತು. ನಮ್ಮ ಗೆರೆ ಯಾವ ಕಾಗದದ ಮೇಲೂ ಇಲ್ಲ.

ಯಾಕೆ ಇಲ್ಲ? ಇದು ಉತ್ತರದ ಇನ್ನರ್ಧ. ಸ್ವಲ್ಪ ಲೆಕ್ಕ ಅದ, ಬೇಸರ ಮಾಡ್ಕೋಬ್ಯಾಡ್ರಿ. ಕವಿತೆ ಬರೆಯುವವರು ಲೆಕ್ಕ ಹೇಳಬಾರದು ಅಂತ ಯಾವ ಶಾಸ್ತ್ರದಾಗೂ ಇಲ್ಲ. ಬೆಂಗಳೂರು ಪಾಲಿಕೆಗೆ ಮೊದಲು 100 ವಾರ್ಡು ಇದ್ದವು. 110 ಹಳ್ಳಿ ಸೇರಿದ ಮೇಲೆ 198 ಆದವು, ಎಂಟು ವಲಯ ಆದವು. 2010ರಲ್ಲಿ, 2015ರಲ್ಲಿ ಚುನಾವಣೆ ಆದವು. 2020ರ ಸೆಪ್ಟೆಂಬರಿಗೆ ಸದಸ್ಯರ ಅವಧಿ ಮುಗಿಯಿತು. ಚುನಾವಣೆಯ ಬದಲಿಗೆ ನಕಾಶೆ ಬಂದವು. 2022ರಲ್ಲಿ 243 ವಾರ್ಡು ಅಂದರು. 2023ರಲ್ಲಿ ಸರ್ಕಾರ ಬದಲಾಗಿ 225 ಅಂದರು. 2025ರ ಮೇ ತಿಂಗಳಿಗೆ ಗ್ರೇಟರ್ ಬೆಂಗಳೂರು ಕಾಯ್ದೆ ಜಾರಿಯಾಯಿತು, ಸೆಪ್ಟೆಂಬರಿಗೆ ಒಂದು ಪಾಲಿಕೆ ಹೋಗಿ ಐದು ಆದವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ನವೆಂಬರಿಗೆ ಐದೂ ಸೇರಿ 369 ವಾರ್ಡು ಎಂದು ಅಂತಿಮ ಮಾಡಿದರು. 2020ರ ಸೆಪ್ಟೆಂಬರಿನಿಂದ 2025 ಮುಗಿಯುವವರೆಗೂ ಆ ಊರಿಗೆ ಒಬ್ಬ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ. ನಮ್ಮ ಕಲಬುರಗಿ ಪಾಲಿಕೆಯ 55 ವಾರ್ಡಿಗೆ 2021ರಲ್ಲಿ ಚುನಾವಣೆ ಆಯಿತು, ರಾಜಧಾನಿಗೆ ಆಗಲಿಲ್ಲ. ಸಂವಿಧಾನದ 74ನೇ ತಿದ್ದುಪಡಿ ನಗರದ ಜನಕ್ಕೆ ಕೊಟ್ಟ ಹಕ್ಕು ಐದು ವರ್ಷ ಕಡತದೊಳಗೆ ನಿದ್ದೆ ಮಾಡಿತು.

ಈ ಅಂಕಿಗಳ ಒಳಗೆ ಕೇರಿ ಹೇಗೆ ಮಾಯ ಆಗ್ತದ, ನೋಡ್ರಿ. 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆಯ ಜನಸಂಖ್ಯೆ ಸುಮಾರು 84 ಲಕ್ಷ. 198 ವಾರ್ಡಿಗೆ ಭಾಗಿಸಿದರೆ ವಾರ್ಡಿಗೆ ಸರಾಸರಿ 42 ಸಾವಿರದ ಮೇಲೆ. ನಮ್ಮ ಸೀಮೆಯಲ್ಲಿ ಅದು ಒಂದು ದೊಡ್ಡ ಪಟ್ಟಣ. ಆ 42 ಸಾವಿರದೊಳಗೆ ದಲಿತರು 4,200 ಅಂತ ಒಂದು ಮಾತಿಗೆ ಇಟ್ಟುಕೊಳ್ಳೋಣ. ಕಾಗದ ಹೇಳ್ತದ: ಈ ವಾರ್ಡಿನಲ್ಲಿ ನೂರಕ್ಕೆ ಹತ್ತು ಜನ ದಲಿತರು, ಎಲ್ಲರೂ ಬೆರೆತು ಬಾಳುತ್ತಿದ್ದಾರೆ. ಸ್ಥಳಕ್ಕೆ ಹೋಗಿ ನೋಡಿದರೆ ಆ 4,200 ಜನರೂ ಮೋರಿ ಆಚೆಯ ನಾಲ್ಕು ಸಂದಿಯಲ್ಲಿ. ಮೋರಿ ಈಚೆ ಒಬ್ಬರೂ ಇಲ್ಲ. ನಮಗೆ ಮನೆ ಇಲ್ಲ ಅಂದ ಮೂರು ಮನೆಗಳೂ, ಖೋಲಿ ಕೊಟ್ಟ ಅವ್ವನ ಮನೆಯೂ ಒಂದೇ ವಾರ್ಡು. ಕರೆಂಟ್ ಬಿಲ್ಲಿನ ಮೇಲೆ ಬಡಾವಣೆಯ ಹೆಸರೂ ಒಂದೇ.

ಇದು ನಮ್ಮ ಊಹೆಯ ಮಾತಲ್ಲ. ಬೆಂಗಳೂರಿನ ಐಐಎಂ ಸಂಸ್ಥೆಯಲ್ಲಿ ನವೀನ್ ಭಾರತಿ, ದೀಪಕ್ ಮಲಘಾಣ, ಅಂದಲೀಬ್ ರೆಹಮಾನ್ ಎಂಬ ಸಂಶೋಧಕರು 2011ರ ಗಣತಿಯ ಎಣಿಕೆ ಬ್ಲಾಕುಗಳನ್ನು ತೆಗೆದು ಲೆಕ್ಕ ಮಾಡಿದರು. ಎಣಿಕೆ ಬ್ಲಾಕು ಅಂದರೆ ಒಬ್ಬ ಗಣತಿದಾರ ಓಡಾಡಿ ಮುಗಿಸುವಷ್ಟು ಮನೆ, ನೂರು ಚಿಲ್ಲರೆ. ಅಂದರೆ ನಮ್ಮ ಭಾಷೆಯಲ್ಲಿ ಒಂದು ಓಣಿ. ವಾರ್ಡಿನ ಮಟ್ಟದಲ್ಲಿ ನೋಡಿದಾಗ ಮರೆಯಾಗುವ ಜಾತಿ ವಿಂಗಡಣೆ ಓಣಿ ಮಟ್ಟದಲ್ಲಿ ಎದ್ದು ಕಾಣುತ್ತದೆ ಎಂದು ಅವರು ತೋರಿಸಿದರು. ಮುಂಬೈಯ ಉದಾಹರಣೆ ಇನ್ನೂ ಸ್ಪಷ್ಟ. ಅಲ್ಲಿ ವಾರ್ಡಿಗೆ ಅಕ್ಷರದ ಹೆಸರು. ಜಿ–ಉತ್ತರ ಎಂಬ ಒಂದೇ ವಾರ್ಡಿನೊಳಗೆ ದಾದರಿನ ಶಿವಾಜಿ ಪಾರ್ಕೂ ಅದ, ಧಾರಾವಿಯೂ ಅದ. ಜಿ–ಉತ್ತರದವರು ಅಂದರೆ ಯಾರು ಅಂತ ತಿಳೀಬೇಕು?

ವಾರ್ಡು ಗೆರೆ ಎಳೆಯುವವರಿಗೆ ಕೇರಿ ಕಾಣೋದಿಲ್ಲ ಅಂತಲ್ಲ. ಬಹಳ ಚೆನ್ನಾಗಿ ಕಾಣ್ತದ. 369 ವಾರ್ಡು ಅಂದರೆ ವಾರ್ಡಿಗೆ 2011ರ ಲೆಕ್ಕದಲ್ಲಿ ಸುಮಾರು 23 ಸಾವಿರ ಜನ. ಸಣ್ಣ ವಾರ್ಡು ಆದಷ್ಟು ಒಂದು ಕೇರಿಯ ಓಟಿಗೆ ತೂಕ ಜಾಸ್ತಿ. ಆರು ಸಾವಿರ ಜನರ ಕೇರಿ ಪೂರ್ತಿ ಒಂದು ವಾರ್ಡಿನೊಳಗೆ ಬಂದರೆ ಯಾವ ಪಕ್ಷದವನೂ ಅದನ್ನು ದಾಟಿ ಹೋಗಲಾರ, ಬಾಗಿಲಿಗೆ ಬರಲೇಬೇಕು. ಅದೇ ಕೇರಿಯ ನಡುವಿನ ರಸ್ತೆಯನ್ನೇ ಗಡಿ ಮಾಡಿ ಮೂರು ಸಾವಿರ ಈ ಕಡೆ, ಮೂರು ಸಾವಿರ ಆ ಕಡೆ ಹಾಕಿದರೆ? ಎರಡು ಕಡೆಯೂ ಬಾಲ. ನಲ್ಲಿ ನೀರು ಬರಲಿಲ್ಲ ಅಂತ ಎಡಗಡೆ ಮನೆಯವರು ಒಂದು ಆಫೀಸಿಗೆ, ಬಲಗಡೆ ಮನೆಯವರು ಇನ್ನೊಂದು ಆಫೀಸಿಗೆ. ಪೈಪು ಮಾತ್ರ ಒಂದೇ. ಪರಿಶಿಷ್ಟರ ಮೀಸಲು ವಾರ್ಡು ಜನಸಂಖ್ಯೆ ನೋಡಿ ಬರ್ತದ, ಕೇರಿ ಒಡೆದರೆ ಆ ಎಣಿಕೆಯೂ ಒಡೀತದ. ಇಡೀ ಕೇರಿ ಒಂದು ಕಡೆ ತುಂಬಿ ಉಳಿದೆಡೆ ನಮ್ಮ ಮಾತಿಗೆ ಬೆಲೆಯೇ ಇಲ್ಲದಂತೆ ಮಾಡುವ ಜಾಣತನವೂ ಅದ. ಅದಕ್ಕೆ ಒಂದೇ ಸೂತ್ರ ಹೇಳಲಿಕ್ಕೆ ಬರೋದಿಲ್ಲ, ಪ್ರತಿ ಕರಡು ನಕಾಶೆಯನ್ನೂ ನೆಲದ ಮೇಲೆ ಹಿಡಿದು ನೋಡಬೇಕು. ಕರಡು ಪ್ರಕಟ ಮಾಡಿ ಆಕ್ಷೇಪಣೆಗೆ ಕೆಲವು ದಿನ ಕೊಡ್ತಾರ. ಆ ದಿನಗಳಲ್ಲಿ ನಮ್ಮ ಕಾಲೋನಿಯಲ್ಲಿ ನಾವು ಬಾಗಿಲು ಬಾಗಿಲಿಗೆ ಹೋದೆವು. ಹತ್ತು ಮನೆಯಲ್ಲಿ ಒಂಬತ್ತು ಮನೆಯವರು, "ವಾರ್ಡು ಯಾವುದಾದ್ರೇನಪ್ಪ" ಅಂದರು. ಅವ್ವ ಒಬ್ಬಳು ಹೆಬ್ಬೆಟ್ಟು ಒತ್ತಿ, "ಕಸ ಗುಡಿಸೋವಾಗ ಯಾವ ಬೀದಿ ಯಾವ ವಾರ್ಡು ಅಂತ ನಂಗೆ ಬಾಯಿಪಾಠ ಇತ್ತು" ಅಂದಳು. ಮೂವತ್ತು ವರ್ಷ ಗಡಿ ನೋಡಿ ನೋಡಿ ಗುಡಿಸಿದವಳು. ಆ ನಗರದ ನಕಾಶೆ ಅವಳಷ್ಟು ಬಲ್ಲವರು ಇರಲಿಕ್ಕಿಲ್ಲ.

ಇಷ್ಟಾದರೂ ಕೇರಿಗೆ ಒಂದು ಜಾಗ ಅದ, ಒಂದು ಬೋರ್ಡು ಅದ. ಅದೂ ಉಳಿಯುತ್ತದೆ ಅನ್ನುವ ಹಾಗಿಲ್ಲ. ಕೋರಮಂಗಲದ ಪಕ್ಕ ಈಜಿಪುರದಲ್ಲಿ ಬಡವರ ವಸತಿ ಸಮುಚ್ಚಯ ಇತ್ತು. 2013ರ ಜನವರಿ ಚಳಿಯಲ್ಲಿ ಜೆಸಿಬಿ ತಂದು ಸಾವಿರಕ್ಕೂ ಹೆಚ್ಚು ಕುಟುಂಬದ ಮನೆ ಕೆಡವಿದರು. ಹಲವರನ್ನು ಸರ್ಜಾಪುರ ರಸ್ತೆಯ ಕಡೆ ಸೂಲಿಕುಂಟೆಗೆ ಸಾಗಿಸಿದರು. ಮನೆಗೆಲಸ ಮಾಡುತ್ತಿದ್ದ ತಾಯಂದಿರ ಕೆಲಸ ಕೋರಮಂಗಲದಲ್ಲಿ, ಮಲಗುವುದು ನಗರದ ಅಂಚಿನಲ್ಲಿ. ಊರ ನಡುವಿನ ನೆಲಕ್ಕೆ ಬೆಲೆ ಬಂದಾಗ ಕೇರಿ ಮತ್ತೆ ಅಗಸಿ ಹೊರಗೆ.

ಇನ್ನು ನಮ್ಮ ಕಡೆಯವರ ಮಾತು. ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಸೆಂಟ್ರಿಂಗ್ ಕೆಲಸಕ್ಕೆ, ಗೌಂಡಿ ಕೆಲಸಕ್ಕೆ, ಕಾವಲಿಗೆ ಹೋದವರು ಎ.ಕೆ. ಕಾಲೋನಿಯಲ್ಲೂ ಇಲ್ಲ. ಅವರು ತಗಡಿನ ಶೆಡ್ಡಿನಲ್ಲಿ. ಖಾಲಿ ಸೈಟಿನ ಮಾಲೀಕನಿಗೆ ತಿಂಗಳಿಗೆ ಬಾಡಿಗೆ ಕೊಟ್ಟು, ನೀಲಿ ತಾಡಪತ್ರಿ ಹೊದಿಸಿಕೊಂಡು ಇರ್ತಾರ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಕಡೆ ಕರಿಯಮ್ಮನ ಅಗ್ರಹಾರದಲ್ಲಿ ಇಂಥ ಶೆಡ್ಡುಗಳನ್ನು ಕೆಡವಿದರು. ಇವರು ಬಾಂಗ್ಲಾದೇಶದವರು ಅಂತ ಪುಕಾರು. ಅಲ್ಲಿ ನಮ್ಮ ಉತ್ತರ ಕರ್ನಾಟಕದ ಮಂದಿ ಇದ್ದರು, ಕೈಯಲ್ಲಿ ಆಧಾರ್ ಕಾರ್ಡು, ಓಟರ್ ಕಾರ್ಡು ಹಿಡಿದು ತೋರಿಸಿದರು. ಕನ್ನಡದಲ್ಲೇ ಅತ್ತರು. ಕೊನೆಗೆ ಹೈಕೋರ್ಟು ನಡುವೆ ಬಂದು ತಡೆಯಬೇಕಾಯಿತು. ಆ ಜಾಗದ ಹೆಸರಿನಲ್ಲೇ ಅಗ್ರಹಾರ ಇರುವುದು ಯಾರದೋ ಕುಚೇಷ್ಟೆ ಅನ್ನಿಸ್ತದ.

ಕಲಬುರಗಿಯ ಮಾತೂ ಒಂದು ಹೇಳಿಬಿಡ್ತೀವಿ, ಇಲ್ಲದಿದ್ದರೆ ಬೆಂಗಳೂರಿನವರನ್ನು ಬೈದು ನಮ್ಮನ್ನು ಬಿಟ್ಟರು ಅಂತೀರಿ. 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿ ಆದ ಊರು. ಬ್ರಹ್ಮಪುರ, ಶಹಾಬಜಾರ, ಮೋಮಿನಪುರ, ರೋಜಾ. ಹೆಸರು ಕೇಳಿದರೆ ಯಾರ ಮೊಹಲ್ಲಾ ಎಂದು ಅರ್ಧ ತಿಳೀತದ. ಅಲ್ಲಿ ಖೋಲಿ ಹುಡುಕಿದ ಅನುಭವ ಇಲ್ಲಿ ಕುಂತವರಲ್ಲಿ ಬಹಳ ಮಂದಿಗೆ ಅದ, ಅದನ್ನು ನೀವೇ ಹೇಳಬೇಕು, ಬರೀಬೇಕು.

ಸಿದ್ಧಲಿಂಗಯ್ಯನವರು ಮಾಗಡಿ ಕಡೆಯ ಮಂಚನಬೆಲೆಯಿಂದ ಬೆಂಗಳೂರಿಗೆ ಬಂದವರು, ಶ್ರೀರಾಮಪುರದಲ್ಲಿ, ಗೋಪಾಲಪುರದ ಹಾಸ್ಟೆಲಿನಲ್ಲಿ ಬೆಳೆದವರು. ಆತ್ಮಕತೆಗೆ 'ಊರುಕೇರಿ' ಎಂದು ಹೆಸರಿಟ್ಟರು. ಊರು ಬಿಟ್ಟು ನಗರಕ್ಕೆ ಬಂದವರ ಪುಸ್ತಕಕ್ಕೆ ಆ ಹೆಸರು ಯಾಕೆ ಅಂತ ಓದುವಾಗ ನಮಗೆ ಹೊಳೆದಿರಲಿಲ್ಲ. ಮೋರಿ ದಾಟಿ ಆ ಸಂದಿಗೆ ಹೋದ ಮೇಲೆ ಹೊಳೆಯಿತು. ನಿಮ್ಮಲ್ಲಿ ಯಾರಾದರೂ ಬೆಂಗಳೂರಿನಲ್ಲಿ ಹಾಸ್ಟೆಲು ಸೇರಿದರೆ ಮೊದಲ ಭಾನುವಾರ ಸಿನಿಮಾಕ್ಕೆ ಹೋಗ್ರಿ, ಬೇಡ ಅನ್ನೋದಿಲ್ಲ. ಎರಡನೇ ಭಾನುವಾರ ಹಾಸ್ಟೆಲಿನ ಸುತ್ತ ನಡೀರಿ. ಎ.ಕೆ. ಕಾಲೋನಿ ಎಲ್ಲಿ, ಪೌರಕಾರ್ಮಿಕರ ಮನೆ ಎಲ್ಲಿ, ತಗಡಿನ ಶೆಡ್ಡು ಎಲ್ಲಿ, ಮೋರಿ ಯಾವ ಕಡೆ ಹರೀತದ, ವಾರ್ಡಿನ ಗಡಿ ಯಾವ ರಸ್ತೆ. ಒಂದು ಹಾಳೆಯ ಮೇಲೆ ಬರೀರಿ. ಹದಿನೆಂಟು ತುಂಬಿದವರು ಓಟರ್ ಪಟ್ಟಿಗೆ ಹೆಸರು ಎಲ್ಲಿ ಹಚ್ಚಬೇಕು ಅಂತ ಕುಂತು ಯೋಚನೆ ಮಾಡ್ರಿ. ಯಾಕೆ ಈ ಮಾತು ಹೇಳ್ತೀವಿ ಅಂದರೆ, ಇಲ್ಲಿ ಹಿಂದೆ ಗೋಡೆಗೆ ಒರಗಿ ಕುಂತ ನಮ್ಮ ಕಾಕಾ ಹದಿನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಮಾಡ್ತಾನ. ಎಂಟು ಕಡೆ ಶೆಡ್ಡು ಬದಲು ಮಾಡ್ಯಾನ. ಅವನು ಕಂಬಿ ಕಟ್ಟಿದ ಮನೆಗಳಿಗೆ ಒಂದೊಂದಕ್ಕೂ ವಾರ್ಡು ನಂಬರು ಅದ, ರಸ್ತೆ ನಂಬರು ಅದ. ನಿನ್ನೆ ರಾತ್ರಿ ಕೇಳಿದೆವು, "ಕಾಕಾ, ಬೆಂಗಳೂರಾಗ ನಿಂದು ಯಾವ ವಾರ್ಡು?"

"ನಂದು ಭೂಸನೂರ," ಅಂದ. "ಓಟು ಬಂದಾಗ ಗುತ್ತೇದಾರ ರಜಾ ಕೊಟ್ಟರ ಬರ್ತೀನಿ. ಕೊಡದಿದ್ದರ ಇಲ್ಲ."

ಹಾಳೆ, ಪೆನ್ಸಿಲು ಮುಂದಿನ ಸಾಲಿನ ತಂಗಿಯರ ಹತ್ತಿರ ಅವ. ಮೊದಲು ನಮ್ಮ ಊರಿಂದೇ ನಕಾಶೆ ತೆಗೆಯೋಣ, ಅಗಸಿಯಿಂದ ಶುರು ಮಾಡ್ರಿ. ಕಾಕಾ, ನೀನೂ ಮುಂದ ಬಾ. ಜೈ ಭೀಮ್.